ನಕ್ಷೆ, ಮಳೆ, ಇಳಿಜಾರು ಮೂರೂ ‘ಆಳವಾದ ಕಪ್ಪು ಮಣ್ಣು’ ಅನ್ನುತ್ತಿವೆ. ಖಾತ್ರಿಗೆ ಒಂದು ಗುಂಡಿ ಸಾಕಾ?

500 ಹೆಕ್ಟೇರಿನ ಕಿರುಜಲಾನಯನ (ಒಂದೇ ಹಳ್ಳಕ್ಕೆ ನೀರು ಹರಿದು ಸೇರುವ ಪ್ರದೇಶ), ಹಳೆಯ ಮಣ್ಣಿನ ನಕ್ಷೆ, 30 ವರ್ಷದ ಮಳೆ ಲೆಕ್ಕ, ಉಪಗ್ರಹದ ಇಳಿಜಾರು ನಕ್ಷೆ. ಮೂರೂ ಒಂದೇ ಮಾತು ಹೇಳುತ್ತಿರುವಾಗ ಮಣ್ಣಿನ ಪದರ ನೋಡಲು ಒಂದೇ ಗುಂಡಿ ತೆಗೆದು ವರದಿ ಮುಗಿಸಬಹುದಾ ಅಂತ ಕೇಳಿದ್ದೀರಿ. ಎಂಎಸ್ಸಿ ಮಾಡುವಾಗ ನನಗೂ ಇದೇ ಪ್ರಶ್ನೆ ಬಂದಿತ್ತು. ನಾನು ಯಾರನ್ನೂ ಕೇಳಲಿಲ್ಲ. ಸಾಕು ಅಂದುಕೊಂಡು ತೆಗೆಸಿಬಿಟ್ಟೆ.

ಗದಗ ಜಿಲ್ಲೆಯ ಒಂದು ಹಳ್ಳಿ. ದೂರಕ್ಕೆ ಕಪ್ಪತಗುಡ್ಡದ ಸಾಲು ಕಾಣುತ್ತಿತ್ತು. ದಿಬ್ಬದ ನೆತ್ತಿಯ ಮೇಲೆ ಕೆಂಪು ಮಸಾರಿ ಮಣ್ಣು ಮತ್ತು ಗರಸು (ಕಲ್ಲುಪುಡಿಯ ನೆಲ), ಕೆಳಗೆ ಹಳ್ಳದ ಕಡೆ ಕರೀ ಎರೆ, ಅಂದರೆ ಕಪ್ಪು ಜೇಡಿ ಮಣ್ಣು. ಆ ಕಡೆಯವರಿಗೆ ಇದು ಹೊಸದೇನಲ್ಲ. ಮಸಾರಿಯಲ್ಲಿ ಮುಂಗಾರಿಗೆ ಶೇಂಗಾ, ಎರೆಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ನನಗೆ ಕೊಟ್ಟಿದ್ದ ಕೆಲಸ ಇವೆರಡರ ನಡುವಿನ ಪಟ್ಟಿಯದು. ಅಲ್ಲಿನ ಮಣ್ಣು ಯಾವುದು, ಎಷ್ಟು ಆಳ, ಯಾವ ವರ್ಗಕ್ಕೆ ಸೇರುತ್ತದೆ ಅಂತ ಗುರುತಿಸಬೇಕಿತ್ತು.

ಏಪ್ರಿಲ್ ತಿಂಗಳು. ಬೆಳಗ್ಗೆ ಹತ್ತಕ್ಕೇ ನೆಲ ಸುಡುತ್ತಿತ್ತು. ನಡುಪಟ್ಟಿಯಲ್ಲಿ ಒಬ್ಬ ಅಜ್ಜನ ನಾಲ್ಕು ಎಕರೆ ಹೊಲ ಸಿಕ್ಕಿತು. ಬಂಡಿದಾರಿ ಪಕ್ಕದಲ್ಲೇ ಇತ್ತು, ಗುಂಡಿ ತೆಗೆಯುವ ಇಬ್ಬರಿಗೆ ಕೂರಲು ಒಂದು ಬೇವಿನ ಮರವೂ ಇತ್ತು. ಹೊಲದ ಕೆಳಗಿನ ಅಂಚಿಗೆ ಹಳೆಯ ಕಲ್ಲಿನ ಒಡ್ಡು. ಆ ಒಡ್ಡಿನಿಂದ ಎರಡು ಮೀಟರ್ ಒಳಗೆ ಗುಂಡಿಗೆ ಗುರುತು ಹಾಕಿದೆ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ಅಲ್ಲಿ ಮಣ್ಣು ಮೆತ್ತಗಿತ್ತು, ಬೇಗ ಮುಗಿಯುತ್ತಿತ್ತು, ನೆರಳು ಹತ್ತಿರವಿತ್ತು.

ಅಜ್ಜ ಬಂದು ನೋಡಿ, “ಅಲ್ಲಿ ತಗ್ಗು ತಗೀಬ್ಯಾಡ್ರಿ ಸರ. ಅದು ಹೊಲದ ಮಣ್ಣಲ್ಲ, ಒಡ್ಡಿನ ಮಣ್ಣು” ಅಂದರು. ಹೊಲ ಕೆಡುತ್ತದೆ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಗುಂಡಿ ಮುಚ್ಚಿಯೇ ಹೋಗುತ್ತೇವೆ ಅಂತ ಸಮಾಧಾನ ಮಾಡಿದೆ. ಅವರು ಮತ್ತೆ ಮಾತಾಡಲಿಲ್ಲ.

ಆ ಒಂದು ಮಾತು ನನಗೆ ಯಾಕೆ ತಿಳಿಯಲಿಲ್ಲ ಅಂತ ಈಗಲೂ ಯೋಚನೆ ಬರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಡ್ಡು ಅಂದರೆ ನೀರನ್ನು ತಡೆಯುವ ಗೋಡೆ, ಅಲ್ವಾ? ಮೇಲಿನಿಂದ ಕೊಚ್ಚಿಕೊಂಡು ಬರುವ ನೀರು ಅಲ್ಲಿ ನಿಲ್ಲುತ್ತದೆ. ನಿಂತ ಮೇಲೆ ತಾನು ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಮಳೆಗಾಲದಿಂದ ಮಳೆಗಾಲಕ್ಕೆ ಒಂದೊಂದು ಪದರ ಕೂಡುತ್ತದೆ. ಹತ್ತಾರು ವರ್ಷ ಕಳೆದರೆ ಒಡ್ಡಿನ ಹಿಂದೆ ಒಂದು ಆಳದ ಕಪ್ಪು ಪಟ್ಟಿ ತಯಾರಾಗಿರುತ್ತದೆ. ಅದು ಮೇಲಿನ ಹೊಲಗಳು ಕಳೆದುಕೊಂಡ ಮಣ್ಣು. ಅಂದರೆ ನಾನು ಗುಂಡಿ ತೆಗೆದ ಜಾಗ ಆಳವಾಗಿತ್ತು ಅನ್ನುವುದೇ ಮೇಲಿನ ಜಾಗ ತೆಳ್ಳಗಾಗಿದೆ ಅನ್ನುವುದಕ್ಕೆ ಸಾಕ್ಷಿ. ನಾನು ಅದನ್ನು ಉಲ್ಟಾ ಓದಿದೆ.

ಗುಂಡಿ 95 ಸೆಂ.ಮೀ. ಇಳಿದ ಮೇಲೆ ಗರಸು ಸಿಕ್ಕಿತು. ಮಣ್ಣಿನ ಬಣ್ಣ ಹೋಲಿಸುವ ಮನ್ಸೆಲ್ ಪುಸ್ತಕ ಹಿಡಿದು ನೋಡಿದರೆ 10 ವೈಆರ್ 3/1, ಅಂದರೆ ಗಾಢ ಬೂದು, ಚೊಕ್ಕ ಎರೆಯ ಬಣ್ಣ. ಕೈಯಲ್ಲಿ ಒದ್ದೆ ಮಾಡಿ ಎಳೆದರೆ ಉದ್ದನೆಯ ರಿಬ್ಬನ್, ಜೇಡಿ ಜಾಸ್ತಿ ಅನ್ನುವ ಗುರುತು. ಗೋಡೆಯ ಮೇಲೆ ಅಲ್ಲಲ್ಲಿ ನಯವಾದ ಹೊಳಪು. ಆ ಹೊಳಪು ನೋಡಿ ‘ಸ್ಲಿಕೆನ್‌ಸೈಡ್ ಇದೆ’ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಳಪದರದಲ್ಲಿ ಉಬ್ಬಲು ಜಾಗ ಸಾಲದೆ ಒಂದು ಹೆಂಟೆ ಇನ್ನೊಂದನ್ನು ಒತ್ತಿ ಓರೆಯಾಗಿ ಜಾರುತ್ತದೆ. ಉಜ್ಜಿಕೊಂಡ ಮುಖ ಹೊಳೆಯುತ್ತದೆ, ಅದರ ಮೇಲೆ ಸಣ್ಣ ಗೀರುಗಳಿರುತ್ತವೆ. ಅದೇ ಸ್ಲಿಕೆನ್‌ಸೈಡ್. ನಮ್ಮಲ್ಲಿ ಬಳಸುವ ಅಮೆರಿಕದ ವರ್ಗೀಕರಣದಲ್ಲಿ ಮಣ್ಣು ವರ್ಟಿಸಾಲ್ (ಉಬ್ಬಿ ಬಿರಿಯುವ ಜೇಡಿ ಮಣ್ಣಿನ ವರ್ಗ) ಅನ್ನಿಸಿಕೊಳ್ಳಲು ಬರೀ ಕಪ್ಪಗಿದ್ದರೆ ಆಗುವುದಿಲ್ಲ. ಮೊದಲ 100 ಸೆಂ.ಮೀ. ಒಳಗೆ ಸ್ಲಿಕೆನ್‌ಸೈಡ್ ಅಥವಾ ಬೆಣೆಯಾಕಾರದ ಹೆಂಟೆಗಳಿರುವ, ಕನಿಷ್ಠ 25 ಸೆಂ.ಮೀ. ದಪ್ಪದ ಪದರ ಬೇಕು. 50 ಸೆಂ.ಮೀ. ತನಕ ಜೇಡಿ ಶೇಕಡಾ 30ಕ್ಕೆ ಕಡಿಮೆ ಇರಬಾರದು. ಬಿರುಕುಗಳು ಕಾಲಕಾಲಕ್ಕೆ ತೆರೆದು ಮುಚ್ಚಬೇಕು. ಬಣ್ಣದ ಷರತ್ತೇ ಇಲ್ಲ.

ನಾನು ನೋಡಿದ ಹೊಳಪು ಸಲಿಕೆಯದು. ಹಸಿ ಜೇಡಿಯನ್ನು ಸಲಿಕೆಯ ಅಲಗಿನಿಂದ ಕತ್ತರಿಸಿದರೆ ಮಣ್ಣು ಸವರಿದಂತಾಗಿ ಹಾಗೇ ಹೊಳೆಯುತ್ತದೆ. ಚಾಕುವಿನ ತುದಿಯಿಂದ ಗೋಡೆ ಕೆದರಿ, ಹೆಂಟೆ ತಾನಾಗಿ ಬಿಡಿಸಿಕೊಂಡು ಬೀಳುವಂತೆ ಮಾಡಿ, ಆಮೇಲೆ ಅದರ ಮುಖ ನೋಡಬೇಕಿತ್ತು. ಐದು ನಿಮಿಷದ ಕೆಲಸ. ಮಾಡಿದ್ದರೆ ಆ ಗೋಡೆಯಲ್ಲಿ ಬೆರಳು ದಪ್ಪದ ಅಡ್ಡ ಪದರಗಳು, ಅವುಗಳ ನಡುವೆ ಸಣ್ಣ ಮರಳಿನ ಗೆರೆಗಳು ಕಾಣುತ್ತಿದ್ದವು. ನಿಜವಾದ ಎರೆ ತನ್ನನ್ನು ತಾನೇ ಕಲಸಿಕೊಳ್ಳುತ್ತದೆ, ಅಂಥ ಗೆರೆ ಉಳಿಯಲು ಬಿಡುವುದಿಲ್ಲ. ಸಾವಯವ ಇಂಗಾಲದ ಅಂಕಿಯೂ ಸುಳಿವು ಕೊಟ್ಟಿತ್ತು. ಆಳಕ್ಕೆ ಹೋದ ಹಾಗೆ ಒಂದೇ ಸಮ ಇಳಿಯದೆ ಒಂದು ಕಡೆ ಮತ್ತೆ ಏರಿತ್ತು, ಪದರ ಪದರವಾಗಿ ಬಂದು ಕೂತ ಮಣ್ಣಿನ ಗುರುತು ಅದು. ಲ್ಯಾಬಿನ ತಪ್ಪು ಅಂತ ಬಿಟ್ಟೆ.

ಇಷ್ಟೆಲ್ಲ ತಪ್ಪಾದರೂ ಧೈರ್ಯ ಎಲ್ಲಿಂದ ಬಂತು ಗೊತ್ತಾ? ನೀವು ಹೇಳುತ್ತಿರುವ ಅದೇ ಮೂರು ದತ್ತಾಂಶಗಳಿಂದ. ನಿಮ್ಮ ಪ್ರಶ್ನೆಯ ಈ ಭಾಗವನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದು ನಕ್ಷೆ. ರಾಜ್ಯದ ಮಣ್ಣಿನ ನಕ್ಷೆ 1:2,50,000 ಪ್ರಮಾಣದ್ದು. ಅದರಲ್ಲಿ ಒಂದು ಸೆಂ.ಮೀ. ಅಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ನಿಮ್ಮ 500 ಹೆಕ್ಟೇರ್ ಅದರಲ್ಲಿ ಒಂದು ಹೆಬ್ಬೆರಳಿನ ಗುರುತಿನಷ್ಟೂ ಇಲ್ಲ. ಅಂಥ ನಕ್ಷೆಯ ಒಂದು ತುಂಡಿಗೆ ಸಾಮಾನ್ಯವಾಗಿ ಎರಡು ಮಣ್ಣುಗಳ ಹೆಸರು ಜೊತೆಗೇ ಬರೆದಿರುತ್ತಾರೆ. ನಾವು ಮೊದಲಿನದನ್ನು ಓದಿ ಮಡಚಿಡುತ್ತೇವೆ. ಸಾಯಿಲ್‌ಗ್ರಿಡ್ಸ್ (ಜಗತ್ತಿನ ಮಣ್ಣಿನ ಡಿಜಿಟಲ್ ನಕ್ಷೆ) ನೋಡಿದ್ದೀರಿ ಅಂದರೆ ಅದರ ಒಂದು ಚೌಕ 250 ಮೀಟರ್, ಅಂದರೆ ಸುಮಾರು ಹದಿನೈದೂವರೆ ಎಕರೆ. ಅಜ್ಜನ ಹೊಲದಂಥವು ಮೂರ್ನಾಲ್ಕು ಅದರೊಳಗೆ ಕೂರುತ್ತವೆ.

ಇಳಿಜಾರಿನ ನಕ್ಷೆ 30 ಮೀಟರ್ ಚೌಕದ್ದು. ಅದಕ್ಕೆ ದಿಬ್ಬ, ಹಳ್ಳ ಕಾಣುತ್ತವೆ, ಒಡ್ಡು ಕಾಣುವುದಿಲ್ಲ. ನನ್ನ ಹೊಲದಲ್ಲಿ ಮಣ್ಣನ್ನು ನಿರ್ಧರಿಸಿದ್ದೇ ಆ ಒಡ್ಡು.

ಇನ್ನು ಮಳೆ. ಮಣ್ಣು ಹುಟ್ಟುವುದಕ್ಕೆ ಹವೆ, ಜೀವಿಗಳು, ನೆಲದ ಏರಿಳಿತ, ತಾಯಿಕಲ್ಲು, ಕಾಲ ಅಂತ ಐದು ಕಾರಣಗಳನ್ನು ಮಣ್ಣುವಿಜ್ಞಾನಿ ಹ್ಯಾನ್ಸ್ ಜೆನ್ನಿ 1941ರಲ್ಲಿ ಜೋಡಿಸಿಟ್ಟರು. ಈಗ ಯೋಚನೆ ಮಾಡಿ. 500 ಹೆಕ್ಟೇರಿನ ಒಳಗೆ ಹವೆ ಎಲ್ಲಿ ಬದಲಾಗುತ್ತದೆ? ದಿಬ್ಬಕ್ಕೂ ಹಳ್ಳಕ್ಕೂ ಒಂದೇ ಮಳೆ, ಒಂದೇ ಬಿಸಿಲು. ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕದ ಮಳೆ ಲೆಕ್ಕ ಅಂದರೆ ಸುಮಾರು 27 ಕಿಲೋಮೀಟರ್ ಅಗಲ, ನಿಮ್ಮ ಇಡೀ ಜಲಾನಯನಕ್ಕೆ ಒಂದೇ ಸಂಖ್ಯೆ. ಒಂದೇ ಸಂಖ್ಯೆಯಿಂದ ಎರಡು ಮಣ್ಣುಗಳ ವ್ಯತ್ಯಾಸ ಹೇಗೆ ತಿಳಿಯುತ್ತದೆ? ಅದು ಹೇಳುವುದು ಇಷ್ಟೇ: ಇಲ್ಲಿ ವರ್ಟಿಸಾಲ್ ಇದ್ದರೆ ಅದು ‘ಅಸ್ಟರ್ಟ್’ ಆಗಬಹುದು, ಅಂದರೆ ವರ್ಷದಲ್ಲಿ ಒಟ್ಟು 90 ದಿನವಾದರೂ ಬಿರುಕು ಬಿಟ್ಟಿರುವ ಜಾತಿ. ವರ್ಟಿಸಾಲ್ ಇದೆಯಾ ಅನ್ನುವುದನ್ನು ಮಳೆ ಹೇಳುವುದಿಲ್ಲ.

ಇನ್ನೂ ಒಂದು ಇದೆ. ಆ ಹಳೆಯ ನಕ್ಷೆ ಮಾಡುವಾಗಲೂ ಉಪಗ್ರಹ ಚಿತ್ರ, ನೆಲದ ಏರಿಳಿತ ನೋಡಿಯೇ ಗೆರೆ ಎಳೆದಿರುತ್ತಾರೆ. ಹಾಗಾಗಿ ನಿಮ್ಮ ಮೂರು ಸಾಕ್ಷಿಗಳು ಬೇರೆ ಬೇರೆಯವಲ್ಲ. ಒಬ್ಬನೇ ಮೂರು ಸಲ ಮಾತಾಡಿದ್ದಾನೆ.

ನನ್ನ ತಪ್ಪು ಕಾಗದದಲ್ಲೇ ಉಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅಜ್ಜನ ಮಗ ನನ್ನನ್ನು ಕೇಳಿದ, ನಮ್ಮ ಹೊಲ ಎಂಥದ್ದು ಅಂತ. “ಆಳದ ಎರೆ, ಹತ್ತಿ ಚೆನ್ನಾಗಿ ಬರುತ್ತದೆ” ಅಂದೆ. ಅವರ ಮನೆಯಲ್ಲಿ ಮೊದಲಿನಿಂದ ಮೇಲಿನ ಎರಡು ಎಕರೆಗೆ ಹೆಸರುಕಾಳು ಹಾಕಿ ಬೇಗ ಕಿತ್ತುಕೊಳ್ಳುತ್ತಿದ್ದರು. ಕೆಳಗಿನ ಭಾಗಕ್ಕೆ ಮಾತ್ರ ಹಿಂಗಾರಿ ಬೆಳೆ. ಆ ವರ್ಷ ಓದಿದವನ ಮಾತು ಅಂತ ನಾಲ್ಕೂ ಎಕರೆಗೆ ಹತ್ತಿ ಹಾಕಿದರು. ಹಿಂಗಾರಿ ಮಳೆ ಬೇಗ ನಿಂತಿತು. ನವೆಂಬರಿನಲ್ಲಿ ಹೋಗಿ ನೋಡಿದೆ. ಒಡ್ಡಿನ ಹತ್ತಿರ ಗಿಡ ಸೊಂಟದ ಎತ್ತರ, ಹಸಿರಾಗಿ ನಿಂತಿತ್ತು. ಹತ್ತು ಹೆಜ್ಜೆ ಮೇಲೆ ಹೋದರೆ ಎಲೆ ಕೆಂಪಾಗಿ, ಕಾಯಿ ಸಣ್ಣದಿರುವಾಗಲೇ ಉದುರಿ ಬಿದ್ದಿದ್ದವು. ಹಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಒಡ್ಡಿನ ಮಣ್ಣು ನಿಂತಿತ್ತು. ಹೊಲವೇ ನಕ್ಷೆ ಬರೆದು ತೋರಿಸಿದ ಹಾಗಿತ್ತು. ಅಜ್ಜ ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಚಹಾ ಕೊಟ್ಟರು.

ಅಲ್ಲೇ ಮೇಲಿನ ಭಾಗದಲ್ಲಿ ಆಗರ್ (ಮಣ್ಣು ಕೊರೆಯುವ ಕೈಸಾಧನ) ತಿರುಗಿಸಿದೆ. 40 ಸೆಂ.ಮೀ.ಗೆ ಕೊಳೆತ ಕಲ್ಲು ಕರಕರ ಅಂತು.

ಸುಮ್ನೆ ಒಂದು ಲೆಕ್ಕ ನೋಡಿ. ಇಂಥ ಜೇಡಿ ಮಣ್ಣು ಒಂದು ಮೀಟರ್ ಆಳಕ್ಕೆ ಗಿಡಕ್ಕೆ ಸಿಗುವ 150 ಮಿ.ಮೀ. ನೀರು ಹಿಡಿಯುತ್ತದೆ ಅಂತಿಟ್ಟುಕೊಳ್ಳೋಣ. 40 ಸೆಂ.ಮೀ. ಮಣ್ಣಿಗೆ 60 ಮಿ.ಮೀ. ಒಂದೂವರೆ ಮೀಟರ್ ಮಣ್ಣಿಗೆ 225 ಮಿ.ಮೀ. ಬೆಳೆ ದಿನಕ್ಕೆ 4 ಮಿ.ಮೀ. ಕುಡಿದರೆ ಮೊದಲನೆಯದು 15 ದಿನ, ಎರಡನೆಯದು 56 ದಿನ. ಎರಡಕ್ಕೂ ಬಿದ್ದ ಮಳೆ ಒಂದೇ. ಮಳೆಯ ದತ್ತಾಂಶಕ್ಕೆ ನಿಜವಾಗಿ ಬೆಲೆ ಬರುವುದು ಇಲ್ಲಿ, ಆಳ ಗೊತ್ತಾದ ಮೇಲೆ. ಅದಕ್ಕೂ ವರ್ಷದ ಸರಾಸರಿ ಬೇಡ. ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನು ವಾರವಾರ ಬಿಡಿಸಿ ನೋಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಅದನ್ನೇ ಕೇಳಿ ಪಡೆಯಿರಿ.

ನನ್ನ ಪ್ರಬಂಧ ಒಂದು ವರ್ಷ ಮುಂದೆ ಹೋಯಿತು. ಮುಂದಿನ ಬೇಸಿಗೆಗೆ ಅದೇ ಹಳ್ಳಿಗೆ ಹೋಗಿ ಕೆಲಸ ಬೇರೆ ರೀತಿ ಮಾಡಿದೆ. ಮೊದಲ ಎರಡು ದಿನ ಸಲಿಕೆ ಮುಟ್ಟಲೇ ಇಲ್ಲ. ಅಜ್ಜನ ಜೊತೆ ದಿಬ್ಬದ ನೆತ್ತಿಯಿಂದ ಹಳ್ಳದ ತನಕ ನಡೆದೆ. ಅವರು ಹೇಳಿದ ಹೆಸರುಗಳನ್ನು ಸರ್ವೆ ನಕ್ಷೆಯ ಮೇಲೆ ಬರೆದುಕೊಂಡೆ: ಗರಸು, ಮಸಾರಿ, ಮಿಶ್ರ, ಎರೆ, ಸವಳು. ಹಳ್ಳಿ ಸರ್ವೆ ನಕ್ಷೆ 1:7,920 ಪ್ರಮಾಣದ್ದು, ಮೈಲಿಗೆ ಎಂಟು ಇಂಚು. ರಾಜ್ಯದ ಜಲಾನಯನ ಯೋಜನೆ ಸುಜಲಾ-3ರ ಭೂಸಂಪನ್ಮೂಲ ಸರ್ವೆಗೂ ಇದನ್ನೇ ತಳವಾಗಿ ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ. ಅದರಲ್ಲಿ ಒಂದು ಸೆಂ.ಮೀ.ಗೆ 79 ಮೀಟರ್, ಸರ್ವೆ ನಂಬರ್ ಹಿಡಿದು ಹೊಲ ತೋರಿಸಬಹುದು.

ಆಮೇಲೆ ಒಂದೇ ಗೆರೆಯ ಮೇಲೆ, ಮೇಲಿನಿಂದ ಕೆಳಕ್ಕೆ ಐದು ಗುಂಡಿ. ಎಲ್ಲವೂ ಒಡ್ಡಿನಿಂದ ದೂರ, ಹೊಲದ ನಡುವೆ. ನೆತ್ತಿಯಲ್ಲಿ 20 ಸೆಂ.ಮೀ. ಕೆಂಪು ಮಣ್ಣು, ಕೆಳಗೆ ಗರಸು. ಅಜ್ಜನ ಹೊಲದಲ್ಲಿ 40. ಅದರ ಕೆಳಗಿನ ಹೊಲದಲ್ಲಿ 60, ಸುಣ್ಣದ ಹರಳು ಕಾಣಿಸಿಕೊಂಡವು, ಆ್ಯಸಿಡ್ ಹಾಕಿದರೆ ನೊರೆ ಬಂತು. ಇನ್ನೂ ಕೆಳಗೆ 110. ಹಳ್ಳದ ದಂಡೆಯಲ್ಲಿ 150 ಸೆಂ.ಮೀ. ತೆಗೆದರೂ ತಳ ಸಿಗಲಿಲ್ಲ. ಅಲ್ಲಿ ಬಿರುಕಿನೊಳಗೆ ತಂತಿ ಇಳಿಬಿಟ್ಟರೆ 80 ಸೆಂ.ಮೀ. ತನಕ ಹೋಯಿತು. ಚಾಕುವಿನಿಂದ ಒಂದು ಹೆಂಟೆ ಬಿಡಿಸಿದೆ. ಅಂಗೈ ಅಗಲದ ಓರೆ ಮುಖ, ಎಣ್ಣೆ ಹಚ್ಚಿ ಒರೆಸಿದ ಕಪ್ಪು ಹಲಗೆಯ ಹಾಗೆ, ಮೇಲೆ ಒಂದೇ ದಿಕ್ಕಿನ ಸಣ್ಣ ಗೀರು. ಒಮ್ಮೆ ಅದನ್ನು ನೋಡಿದವರು ಸಲಿಕೆಯ ಹೊಳಪಿಗೆ ಮತ್ತೆ ಮೋಸ ಹೋಗುವುದಿಲ್ಲ.

ಐದರಲ್ಲಿ ವರ್ಟಿಸಾಲ್ ಅನ್ನಿಸಿಕೊಂಡಿದ್ದು ಕೆಳಗಿನ ಎರಡೇ. ಅಜ್ಜನ ಹೊಲ ಇನ್ಸೆಪ್ಟಿಸಾಲ್, ಅಂದರೆ ಪದರಗಳು ಇನ್ನೂ ಪೂರ್ತಿ ಬೆಳೆಯದ ಮಣ್ಣು. ಕಪ್ಪಗಿದೆ, ಬಿರಿಯುತ್ತದೆ ಕೂಡ, ಆದರೆ ತೆಳು.

1930ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಮಣ್ಣುವಿಜ್ಞಾನಿ ಜೆಫ್ರಿ ಮಿಲ್ನ್ ಇಂಥ ಸಾಲಿಗೆ ‘ಕ್ಯಾಟಿನಾ’ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಸರಪಳಿ ಅಂತ ಅರ್ಥ. ದಿಬ್ಬದಿಂದ ಹಳ್ಳದ ತನಕ ಮಣ್ಣುಗಳು ಕೊಂಡಿ ಕೊಂಡಿಯಾಗಿ ಸೇರಿಕೊಂಡಿರುತ್ತವೆ, ಮೇಲಿನದು ಕಳೆದುಕೊಂಡಿದ್ದು ಕೆಳಗಿನದಕ್ಕೆ ಸೇರಿರುತ್ತದೆ. ಅದಕ್ಕೇ ‘ನನ್ನ ಜಲಾನಯನದ ಮಣ್ಣು ಯಾವುದು’ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಯಾವ ಮಣ್ಣು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಅಂತ ಕೇಳಿಕೊಳ್ಳಿ. ಆಗ ಗುಂಡಿ ಎಷ್ಟು ಅನ್ನುವುದನ್ನು ಇಳಿಜಾರೇ ಹೇಳುತ್ತದೆ. ಉಪಗ್ರಹ ಚಿತ್ರ, ಇಳಿಜಾರಿನ ನಕ್ಷೆ ಬೇಡ ಅನ್ನುತ್ತಿಲ್ಲ. ಗುಂಡಿಯಲ್ಲಿ ಕಂಡಿದ್ದನ್ನು ಪಕ್ಕದ ಹೊಲಗಳಿಗೆ ಹಬ್ಬಿಸಲು ಅವು ಬೇಕೇ ಬೇಕು. ಆದರೆ ಅವುಗಳ ಸರದಿ ಆಮೇಲೆ.

ಗುಂಡಿಗೆ ದುಡ್ಡಿಲ್ಲ ಅಂದರೆ ಐದೇ ತೆಗೆಸಿ, ನಡುವೆ 20 ಮೀಟರಿಗೊಂದು ಆಗರ್ ಹಾಕಿ. ಆಗರ್‌ಗೆ ಖರ್ಚಿಲ್ಲ, ತೋಳು ನೋಯುತ್ತದೆ ಅಷ್ಟೇ. ಒಡ್ಡು, ಬಂಡಿದಾರಿ, ಮರದ ಬುಡ, ತಿಪ್ಪೆ, ಕೆರೆ ಗೋಡು (ಹೂಳು) ಹೊಡೆಸಿದ ಹೊಲ ಇವುಗಳಿಂದ ದೂರ ಇರಿ. ಗೋಡು ಹೊಡೆಸಿದ್ದಾರಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಹೊಲದವರನ್ನೇ ಕೇಳಬೇಕು. ಬೇಡ ಅಂದ ಜಾಗದಲ್ಲಿ ಯಾಕೆ ಬೇಡ ಅಂತ ಪೂರ್ತಿ ಕೇಳಿಸಿಕೊಳ್ಳಿ.

ಏಪ್ರಿಲ್ ಮುಗಿಯುವುದರೊಳಗೆ ತೆಗೆಸಿ. ಮೊದಲ ಮಳೆ ಬಿದ್ದರೆ ಬಿರುಕು ಮುಚ್ಚಿಕೊಳ್ಳುತ್ತದೆ, ಅಳೆಯಲು ಇನ್ನೊಂದು ವರ್ಷ ಕಾಯಬೇಕು. ಗುಂಡಿ ಆದ ಮೇಲೆ 50ರಿಂದ 100 ಸೆಂ.ಮೀ. ನಡುವಿನ ಗೋಡೆಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಚಾಕುವಿನಿಂದ ಕೆದರಿದ ಮೇಲೆ ತೆಗೆದಿರಬೇಕು.