ಮದುವೆಯನ್ನೂ ಪ್ರಾಣವನ್ನೂ ಬಿಟ್ಟವರು ನಂಬಿದ್ದೇನು?

ಪ್ರಶ್ನೆ: ಕಥೋಲಿಕ ಗುರುಗಳು, ಸಿಸ್ಟರ್‌ಗಳು ಮದುವೆ ಆಗುವುದಿಲ್ಲ. ರಕ್ತಸಾಕ್ಷಿಗಳು ನಂಬಿಕೆಗಾಗಿ ಪ್ರಾಣವನ್ನೇ ಕೊಟ್ಟರು. ಇವೆರಡೂ ನಿತ್ಯಜೀವಕ್ಕೆ, ಅಂದರೆ ಸಾವಿನಾಚೆಯ ಕೊನೆಯಿಲ್ಲದ ಬದುಕಿಗೆ, ಸಾಕ್ಷಿ ಅಂತಾರೆ. ಅದು ಹೇಗೆ? ಹಾಗಾದರೆ ನಮ್ಮಂಥ ಸಂಸಾರಸ್ಥರು ಕಡಿಮೆಯೇ?

ಉತ್ತರ: ಸಂಸಾರ ಕೆಟ್ಟದ್ದು ಅಂತ ಯಾರೂ ಬ್ರಹ್ಮಚರ್ಯ ಹಿಡಿಯಬಾರದು. ಸತ್ತವರು ಎದ್ದ ಮೇಲೆ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂದು ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯದಲ್ಲಿದೆ. ಆ ಬದುಕನ್ನು ಈಗಲೇ ಶುರು ಮಾಡಿದವರು ಈ ಗುರುಗಳು, ಸಿಸ್ಟರ್‌ಗಳು. ಸಾವೇ ಕೊನೆ ಅನ್ನುವುದಾದರೆ ಹೆಸರು ಉಳಿಸಲು ಮಕ್ಕಳು ಬೇಕು, ಏನು ಮಾಡಿಯಾದರೂ ಜೀವ ಉಳಿಸಿಕೊಳ್ಳಬೇಕು, ಅಲ್ವಾ? ಇವರು ಎರಡನ್ನೂ ಬಿಟ್ಟರು.

ಪೋಲೆಂಡಿನ, ಫ್ರಾನ್ಸಿಸ್ಕನ್ ಎಂಬ ಸನ್ಯಾಸಿ ಸಭೆಯ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ ಅವರನ್ನೇ ನೋಡಿ. ಹುಡುಗನಾಗಿದ್ದಾಗ ಯೇಸುವಿನ ತಾಯಿ ಮರಿಯಮ್ಮ ಕಾಣಿಸಿಕೊಂಡು ಎರಡು ಕಿರೀಟ ತೋರಿಸಿದರಂತೆ. ಬಿಳಿಯದು ಶುದ್ಧ ಬದುಕಿಗೆ, ಕೆಂಪು ರಕ್ತಸಾಕ್ಷಿಗೆ. ಎರಡೂ ಬೇಕು ಅಂದನಂತೆ ಹುಡುಗ. 1941ರಲ್ಲಿ, ಕೋಲ್ಬೆ ಕೂಡ ಕೈದಿಯಾಗಿದ್ದ ಆಶ್‌ವಿಟ್ಜ್ ಸೆರೆಶಿಬಿರದಿಂದ ಕೈದಿಯೊಬ್ಬ ತಪ್ಪಿಸಿಕೊಂಡನೆಂದು ನಾಜಿಗಳು 10 ಜನರನ್ನು ಅನ್ನ ನೀರಿಲ್ಲದೆ ಸಾಯಿಸಲು ಆರಿಸಿದರು. ಅವರಲ್ಲಿ ಗಯೋವ್ನಿಚೆಕ್ ಎಂಬ ಸೈನಿಕ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದ. ಕೋಲ್ಬೆ ಸಾಲು ಬಿಟ್ಟು ಮುಂದೆ ಬಂದು, ನಾನು ಕಥೋಲಿಕ ಗುರು, ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಅವನ ಬದಲು ನಾನು ಹೋಗುತ್ತೇನೆ ಅಂದರು. ಎರಡು ವಾರ ಕಳೆದರೂ ಜೀವ ಹೋಗಲಿಲ್ಲ. ಆಗಸ್ಟ್ 14ರಂದು ಕಾರ್ಬಾಲಿಕ್ ಆಸಿಡ್ ಚುಚ್ಚಿ ಕೊಂದರು.

ನನಗೆ ಇಲ್ಲಿ ಜಾಸ್ತಿ ತಟ್ಟುವುದು ಒಂದೇ ಮಾತು. ಸಂಸಾರವನ್ನು ಬಿಟ್ಟವರು ಪ್ರಾಣ ಕೊಟ್ಟಿದ್ದು ಇನ್ನೊಬ್ಬರ ಸಂಸಾರ ಉಳಿಯಲಿ ಅಂತ. ಬ್ರಹ್ಮಚರ್ಯ ಸುಮ್ನೆ ಒಂಟಿಯಾಗಿರುವುದಲ್ಲ. ಮನಸ್ಸು ಒಣಗಿ, ಯಾರ ಕಷ್ಟವೂ ಬೇಡ ಎಂದು ಕೂತರೆ ಅದು ಯಾವುದಕ್ಕೂ ಸಾಕ್ಷಿಯಲ್ಲ. 1982ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಕೋಲ್ಬೆ ಅವರನ್ನು ರಕ್ತಸಾಕ್ಷಿ, ಸಂತ ಎಂದು ಸಾರಿದಾಗ ಗಯೋವ್ನಿಚೆಕ್ ಅಲ್ಲೇ ಇದ್ದರು.

ಇನ್ನು ಸಂಸಾರಸ್ಥರ ವಿಷಯ. ಖಂಡಿತ ಕಡಿಮೆಯಲ್ಲ. ಯೇಸುವಿನ ಶಿಷ್ಯ ಪೇತ್ರನಿಗೆ ಅತ್ತೆ ಇದ್ದಳೆಂದು, ಅಂದರೆ ಅವನಿಗೆ ಮದುವೆಯಾಗಿತ್ತೆಂದು, ಶುಭಸಂದೇಶವೇ ಹೇಳುತ್ತದೆ. ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಕ್ರಿಸ್ತನನ್ನು ಬಿಡೆನೆಂದು ಸತ್ತ ಪೆರ್ಪೆತುವಾ ಮೊಲೆಗೂಸಿನ ತಾಯಿ. ತಿರುವಾಂಕೂರಿನಲ್ಲಿ 1752ರಲ್ಲಿ ಗುಂಡೇಟಿಗೆ ಬಲಿಯಾದ, 2022ರಲ್ಲಿ ಸಂತರೆಂದು ಸಾರಲಾದ ದೇವಸಹಾಯಂ ಅವರೂ ಮದುವೆಯಾದವರೇ.