ಹಳೆ ಲ್ಯಾಪ್‌ಟಾಪ್‌ನಲ್ಲಿ ಮನೆಗೊಂದು ಮೀಡಿಯಾ ಸರ್ವರ್: ಪ್ಲೆಕ್ಸಾ, ಜೆಲ್ಲಿಫಿನ್ನಾ?

ನಿಮ್ಮ ಹತ್ತಿರ ಇರೋದು 6ನೇ ಜನರೇಶನ್ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಒಂದು 2 ಟಿಬಿ ಹಾರ್ಡ್‌ಡಿಸ್ಕ್. ಸಿನಿಮಾ, ಫೋಟೊ, ಅಕ್ಕನ ಮದುವೆಯ ವಿಸಿಡಿ ಎಲ್ಲವನ್ನೂ ಅಪ್ಪ ಅಮ್ಮ ಟಿವಿ ರಿಮೋಟ್ ಹಿಡಿದೇ ನೋಡುವಂತಾಗಬೇಕು, ದಿನಬಳಕೆಗೂ ಏನು ಹಾಕಲಿ ಅಂತ ಕೇಳಿದ್ದೀರಿ. ವಿಂಡೋಸ್ ತೆಗೆದು ಡೆಬಿಯನ್ (ಉಚಿತ ಲಿನಕ್ಸ್ ಸಿಸ್ಟಂ) ಹಾಕಿ, ಅದರ ಮೇಲೆ ಜೆಲ್ಲಿಫಿನ್ ಹಾಕಿ. ಲ್ಯಾಪ್‌ಟಾಪ್‌ನಲ್ಲಿರುವ ವಿಡಿಯೊಗಳನ್ನು ಮನೆಯ ಟಿವಿಗೆ ಕಳಿಸುವ ಮೀಡಿಯಾ ಸರ್ವರ್ ಸಾಫ್ಟ್‌ವೇರ್ ಇದು. ಹೊಸ ಯಂತ್ರ ಬೇಡ, ಇದೇ ಸಾಕು.

ಆದರೆ ಮೊದಲ ಕೆಲಸ ಆ ವಿಸಿಡಿಗಳದ್ದು. ಸಿನಿಮಾ ಹೋದರೆ ಇನ್ನೊಂದು ಕಡೆ ಸಿಗುತ್ತೆ, ಮದುವೆಯ ರೆಕಾರ್ಡಿಂಗ್ ಎಲ್ಲೂ ಸಿಗಲ್ಲ. ವಿಂಡೋಸ್ ತೆಗೆಯುವ ಮುಂಚೆಯೇ ಡಿಸ್ಕ್‌ನಲ್ಲಿರುವ ಎಂಪೆಗ್‌ಎವಿ (MPEGAV) ಫೋಲ್ಡರ್ ತೆರೆದು, ಅಲ್ಲಿನ ದೊಡ್ಡ ಡ್ಯಾಟ್ (.DAT) ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ. ವಿಸಿಡಿಯಲ್ಲಿ ವಿಡಿಯೊ ಇರುವ ಸೆಕ್ಟರ್ (ಡಿಸ್ಕ್ ಓದುವ ಒಂದೊಂದು ತುಂಡು) 2324 ಬೈಟ್, ಮಾಮೂಲಿ ಡೇಟಾ ಸೆಕ್ಟರ್ 2048 ಬೈಟ್. ಹಾಗಾಗಿ ಲಿನಕ್ಸ್‌ನಲ್ಲಿ ಸುಮ್ನೆ ಕಾಪಿ ಮಾಡಲು ಹೋದರೆ ಎರರ್ ಬರುತ್ತೆ, ಡಿಸ್ಕ್ ಕೆಟ್ಟಿದೆ ಅಂತ ಜನ ಎಸೆದುಬಿಡುತ್ತಾರೆ. ಅಲ್ಲಿ ಅದಕ್ಕೆ ವಿಸಿಡಿಎಕ್ಸ್‌ರಿಪ್ ಅನ್ನೋ ಬೇರೆ ಟೂಲ್ ಬೇಕು. ಕಾಪಿ ಆದಮೇಲೆ ವಿಡಿಯೊ ಫಾರ್ಮ್ಯಾಟ್ ಬದಲಿಸುವ ಟೂಲ್ ಆದ ಎಫ್‌ಎಫ್‌ಎಂಪೆಗ್‌ನಲ್ಲಿ ಎಂಪಿಜಿ ಫೈಲ್ ಮಾಡಿ. ಮರು ಎನ್‌ಕೋಡ್ ಮಾತ್ರ ಮಾಡಬೇಡಿ. ಮೂಲ ಚಿತ್ರ ಇರೋದೇ 352×288, ಇನ್ನೊಮ್ಮೆ ಹಿಂಡಿದರೆ ಮುಖಗಳು ಮತ್ತಷ್ಟು ಮಸುಕಾಗುತ್ತವೆ.

ಇನ್ನು ಡೆಬಿಯನ್ ಯಾಕೆ ಅಂದರೆ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಿಮ್ಮ ಪ್ರೊಸೆಸರ್ ಅನ್ನು ಒಪ್ಪಲ್ಲ. ಹಗಲು ರಾತ್ರಿ ಆನ್ ಇರುವ ಯಂತ್ರದಲ್ಲಿ ಅಪ್‌ಡೇಟ್ ಬಾರದ ಸಿಸ್ಟಂ ಇಡಬಾರದು.

ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಪ್ಲೆಕ್ಸ್ ನೋಡೋಕೆ ಚೆನ್ನಾಗಿದೆ, ಟಿವಿ ಆ್ಯಪ್ ಕೂಡ ನುಣುಪಾಗಿದೆ. ಆದರೆ ಅವರ ಅಕೌಂಟ್ ಬೇಕು, 2025ರಿಂದ ಮನೆಯ ಹೊರಗಿನಿಂದ ನೋಡಲು ದುಡ್ಡು ಕೊಡಬೇಕು. ಜೆಲ್ಲಿಫಿನ್ 2018ರ ಡಿಸೆಂಬರ್‌ನಲ್ಲಿ, ಎಂಬಿ (Emby) ಅನ್ನೋ ಮೀಡಿಯಾ ಸರ್ವರ್ ತನ್ನ ಸೋರ್ಸ್ ಕೋಡ್ ಮುಚ್ಚಿಕೊಂಡಾಗ ಅದರಿಂದ ಒಡೆದು ಬಂದದ್ದು. ಪೂರ್ತಿ ಉಚಿತ. ಅದಕ್ಕಿಂತ ಮುಖ್ಯ, ನಿಮ್ಮ ಫೈಲ್‌ಗಳು ಇದ್ದ ಫೋಲ್ಡರ್‌ನಲ್ಲೇ ಇರುತ್ತವೆ. ನಾಳೆ ಜೆಲ್ಲಿಫಿನ್ ಬೇಡ ಅನ್ನಿಸಿದರೆ ತೆಗೆದುಹಾಕಿ, ಒಂದು ಫೈಲೂ ಅಲುಗಾಡಲ್ಲ. ನಾನು ಸಾಫ್ಟ್‌ವೇರ್ ಆರಿಸುವಾಗ ಮೊದಲು ನೋಡೋದೇ ಇದನ್ನ.

ಇನ್‌ಸ್ಟಾಲ್ ಕಷ್ಟವಿಲ್ಲ. ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ಹಾಕಿ 8096 ಪೋರ್ಟ್ ತೆರೆದರೆ ಉಳಿದದ್ದನ್ನು ಅದೇ ಕೇಳುತ್ತೆ. ಪ್ರತಿ ಸಿನಿಮಾಕ್ಕೂ ಒಂದು ಫೋಲ್ಡರ್ ಮಾಡಿ, ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿ ಇಸವಿ ಹಾಕಿ. ಕನ್ನಡದಲ್ಲಿ ಒಂದೇ ಹೆಸರಿನ ಸಿನಿಮಾಗಳು ಬೇರೆ ಬೇರೆ ಕಾಲದಲ್ಲಿ ಬಂದಿವೆ, ಇಸವಿ ಇಲ್ಲದಿದ್ದರೆ ತಪ್ಪು ಪೋಸ್ಟರ್ ಬಂದು ಕೂರುತ್ತೆ. ಅಪ್ಪ ಅಮ್ಮನಿಗೆ ಬೇರೆ ಯೂಸರ್ ಮಾಡಿ, ಅವರಿಗೆ ಬೇಕಾದ ಲೈಬ್ರರಿ ಮಾತ್ರ ಕಾಣುವಂತೆ ಇಡಿ. ಪರದೆ ಮೇಲೆ ಕಮ್ಮಿ ಇದ್ದಷ್ಟೂ ಅವರು ಜಾಸ್ತಿ ಬಳಸುತ್ತಾರೆ.

ನಿಂತು ನಿಂತು ಓಡುವ ತೊಂದರೆ ಬಂದರೆ ಟ್ರಾನ್ಸ್‌ಕೋಡಿಂಗ್ ಕಡೆ ನೋಡಿ. ಟಿವಿಗೆ ಫೈಲ್ ಅರ್ಥವಾದರೆ ಸರ್ವರ್ ಸುಮ್ಮನೆ ಕಳಿಸುತ್ತೆ, ಪ್ರೊಸೆಸರ್‌ಗೆ ಕೆಲಸವೇ ಇಲ್ಲ. ಅರ್ಥವಾಗದಿದ್ದರೆ ವಿಡಿಯೊ ಓಡುತ್ತಿರುವಾಗಲೇ ಸರ್ವರ್ ಅದನ್ನು ಟಿವಿಗೆ ಅರ್ಥವಾಗುವ ಫಾರ್ಮ್ಯಾಟ್‌ಗೆ ಬದಲಿಸಬೇಕು, ಅದೇ ಟ್ರಾನ್ಸ್‌ಕೋಡಿಂಗ್. ನಿಮ್ಮ 6ನೇ ಜನರೇಶನ್ ಇಂಟೆಲ್ 8 ಬಿಟ್ ಎಚ್‌ಇವಿಸಿಯನ್ನು (ವಿಡಿಯೊ ಹಿಂಡುವ ಒಂದು ವಿಧಾನ) ಪ್ರೊಸೆಸರ್‌ನಲ್ಲೇ ವಿಡಿಯೊಗೆಂದು ಇರುವ ಕ್ವಿಕ್ ಸಿಂಕ್‌ನಲ್ಲಿ ಸಲೀಸಾಗಿ ಮಾಡುತ್ತೆ. 10 ಬಿಟ್‌ಗೆ ಒದ್ದಾಡುತ್ತೆ, ಅದು 7ನೇ ಜನರೇಶನ್‌ನಿಂದ ಸರಿಹೋಯಿತು. ಸಬ್‌ಟೈಟಲ್ ಕೂಡ ಕಾರಣವಾಗಬಹುದು. ಬ್ಲೂರೇಯ ಪಿಜಿಎಸ್ ಸಬ್‌ಟೈಟಲ್ ಅಂದರೆ ಚಿತ್ರಗಳು. ಟಿವಿ ಆ್ಯಪ್‌ಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಇಡೀ ವಿಡಿಯೊವನ್ನೇ ಹೊಸದಾಗಿ ಮಾಡಬೇಕಾಗುತ್ತೆ. ಬರೀ ಅಕ್ಷರಗಳಿರುವ ಎಸ್‌ಆರ್‌ಟಿ ಸಬ್‌ಟೈಟಲ್ ಬಳಸಿದರೆ ಆ ಭಾರ ಇಲ್ಲ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯೇ ಯುಪಿಎಸ್. ಹಾರ್ಡ್‌ಡಿಸ್ಕ್ ಮಾತ್ರ ಯುಎಸ್‌ಬಿಯಿಂದಲೇ ಓಡುವ 2.5 ಇಂಚಿನದ್ದಾಗಿರಲಿ. 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು, ಕರೆಂಟ್ ಹೋದ ಕ್ಷಣ ಅದು ನಿಂತುಬಿಡುತ್ತೆ. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳು) ಅವಕಾಶ ಇದ್ದರೆ ಚಾರ್ಜ್ ಮಿತಿಯನ್ನು 80%ಗೆ ಇಳಿಸಿ. ಸದಾ ಪ್ಲಗ್‌ನಲ್ಲಿರುವ ಬ್ಯಾಟರಿ ಉಬ್ಬಿದ್ದು ಕಂಡರೆ ತಕ್ಷಣ ತೆಗೆಸಿ, ಇದರಲ್ಲಿ ಉದಾಸೀನ ಬೇಡ.

ಮನೆ ಹೊರಗಿನಿಂದ ನೋಡಬೇಕಾದರೆ ರೌಟರ್‌ನಲ್ಲಿ ಪೋರ್ಟ್ ತೆರೆಯಬೇಡಿ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಪಬ್ಲಿಕ್ ಐಪಿ ಇರುತ್ತೆ, ಅಲ್ಲಿ ಅದು ಕೆಲಸವನ್ನೇ ಮಾಡಲ್ಲ. ನಿಮ್ಮ ಫೋನ್, ಲ್ಯಾಪ್‌ಟಾಪ್‌ಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ.

ದಿನಬಳಕೆಗೆ ಫೈರ್‌ಫಾಕ್ಸ್, ವಿಎಲ್‌ಸಿ, ಲಿಬ್ರೆಆಫೀಸ್, ಪಾಸ್‌ವರ್ಡ್‌ಗೆ ಕೀಪಾಸ್‌ಎಕ್ಸ್‌ಸಿ ಸಾಕು. ಫೋನಿನ ಫೋಟೊಗಳನ್ನು ಇದೇ ಲ್ಯಾಪ್‌ಟಾಪ್‌ನಲ್ಲಿ ಕೂಡಿಡೋಕೆ ಇಮ್ಮಿಚ್ ಒಳ್ಳೆಯದು, ಆದರೆ ಜೆಲ್ಲಿಫಿನ್ ಕೈಗೆ ಹತ್ತಿದ ಮೇಲೆ ಅದಕ್ಕೆ ಹೋಗಿ. ಕನ್ನಡಕ್ಕೆ ಐಬಸ್ (ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಟೂಲ್) ಜೊತೆ ಎಂ17ಎನ್ (ಕೀಲಿಮಣೆಗಳ ಕಂತೆ) ಹಾಕಿಕೊಂಡರೆ ನುಡಿಯ ಕೆಜಿಪಿ ಕೀಲಿಮಣೆಯಲ್ಲೇ ಟೈಪ್ ಮಾಡಬಹುದು. ಹಳೆ ನುಡಿ, ಬರಹದ ಫೈಲ್ ತೆರೆದಾಗ ಕನ್ನಡದ ಬದಲು ಏನೇನೋ ಚಿಹ್ನೆ ಕಂಡರೆ ಹೆದರಬೇಡಿ. ಫೈಲ್ ಕೆಟ್ಟಿಲ್ಲ, ಅದು ಯೂನಿಕೋಡ್‌ಗೆ ಮುಂಚಿನ ಫಾಂಟ್‌ನದ್ದು. ಬದಲಿಸುವ ಕನ್ವರ್ಟರ್‌ಗಳಿವೆ.

ಇಷ್ಟಕ್ಕೂ ಮುಂಚೆ ಇನ್ನೊಂದು 2 ಟಿಬಿ ಡಿಸ್ಕ್ ತನ್ನಿ. ಫೋಟೊ, ಮದುವೆ ವಿಡಿಯೊಗಳ ಕಾಪಿ ಮಾಡಿ ಬೇರೆ ಮನೆಯಲ್ಲಿಡಿ. ಟಿವಿಯ ಮಾಡೆಲ್ ನಂಬರ್ ಕೆಳಗೆ ಬರೆಯಿರಿ, ಅದಕ್ಕೆ ಜೆಲ್ಲಿಫಿನ್ ಆ್ಯಪ್ ಇದೆಯೋ, ಇಲ್ಲಾ ಆಂಡ್ರಾಯ್ಡ್ ಬಾಕ್ಸ್ ಬೇಕೋ ಅಂತ ನೋಡಿ ಹೇಳುತ್ತೇನೆ.