ಫ್ಲಾಟಿನಲ್ಲಿ ಪಾಳಣಾಘರ (ಮಕ್ಕಳ ಡೇ-ಕೇರ್), ಸೊಸೈಟಿಯಲ್ಲಿ ತಕರಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಲುಂಡ್‌ನಲ್ಲಿ ಮೂರನೇ ಮಹಡಿಯ ನಮ್ಮ ಸ್ವಂತ ಫ್ಲಾಟಿನಲ್ಲಿ ಒಂಬತ್ತು ಮಕ್ಕಳನ್ನು ಬೆಳಗ್ಗೆ ಎಂಟೂವರೆಯಿಂದ ಸಂಜೆ ಏಳರವರೆಗೆ ನೋಡಿಕೊಳ್ಳುತ್ತೇನೆ. ಸಹಾಯಕ್ಕೆ ಸಂಬಳದ ಬಾಯಿ (ಕೆಲಸದಾಕೆ) ಒಬ್ಬಳಿದ್ದಾಳೆ. ಹದಿನೈದು ದಿನದಲ್ಲಿ ಮುಚ್ಚದಿದ್ದರೆ ನೀರು ಬಂದ್ ಮಾಡುತ್ತೇವೆಂದು ನಮ್ಮ ವಸತಿ ಸೊಸೈಟಿಯ ಕಮಿಟಿ ನೋಟಿಸ್ ಕೊಟ್ಟಿದೆ. ಗುಮಾಸ್ತಾ ರಸೀದಿ ನನ್ನ ಹತ್ತಿರ ಇದೆ. ಅದು ಸಾಲದೇ?

ಉತ್ತರ: ಸಾಲದು. ಗುಮಾಸ್ತಾ ಎಂದು ಎಲ್ಲರೂ ಕರೆಯುವುದು ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ 2017ರ ಕಾಯ್ದೆಯ ಕಾಗದವನ್ನು. ನಿಮ್ಮಂತೆ ಕೆಲಸಗಾರರು ಕಡಿಮೆ ಇದ್ದರೆ ಅದು ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟದ್ದಕ್ಕೆ ಸಿಗುವ ರಸೀದಿ, ಅಷ್ಟೇ. ಈ ಕಟ್ಟಡದಲ್ಲಿ ಈ ಕೆಲಸ ನಡೆಸಬಹುದು ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ.

ನಿಮ್ಮ ಪರವಾಗಿ ನಿಲ್ಲಬಹುದಾದದ್ದು ಮುಂಬೈ ಪಾಲಿಕೆಯ ಅಭಿವೃದ್ಧಿ ನಿಯಮಗಳಲ್ಲಿರುವ ಗೃಹೋದ್ಯೋಗದ ಅವಕಾಶ. ಅದರ ಷರತ್ತುಗಳು ಬಿಗಿ: ಮನೆಯವರೇ ಮಾಡಬೇಕು, ಸಂಬಳದ ಆಳು ಇರಬಾರದು, ಹೊರಗೆ ಬೋರ್ಡು ಕಾಣಬಾರದು, ನೆರೆಯವರ ಸುರಕ್ಷತೆಗೆ ಧಕ್ಕೆ ಆಗಬಾರದು. ನಿಮ್ಮ ವಾದ ಸಡಿಲವಾಗುವುದು ಬಾಯಿಯ ಸಂಬಳದ ಹತ್ತಿರ. ಹಾಗೆಂದು ಅವಳನ್ನು ಬಿಡಿಸಬೇಡಿ. ಒಬ್ಬರೇ ಒಂಬತ್ತು ಮಕ್ಕಳನ್ನು ನೋಡಿಕೊಳ್ಳುವುದು ಅಪಾಯ. ಒಂದು ಮಗುವಿನ ಚಡ್ಡಿ ಬದಲಿಸುವ ಹೊತ್ತಿಗೆ ಇನ್ನೊಂದು ಬಾಲ್ಕನಿ ಗ್ರಿಲ್ ಹತ್ತಿರುತ್ತದೆ. ಬಾಯಿಯ ವಿಷಯ ಮುಚ್ಚಿಡದೆ, ಫ್ಲಾಟಿನ ನಕ್ಷೆಯ ಜೊತೆ ಪಾಲಿಕೆಯ ಟಿ ವಾರ್ಡ್ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಇನ್‌ವರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ ದಾಖಲೆ ಸಂಖ್ಯೆ) ಪಡೆಯಿರಿ.

ನೀರು ಬಂದ್ ಮಾಡುವ ಅಧಿಕಾರ ಕಮಿಟಿಗೆ ಇಲ್ಲ. ಸಹಕಾರಿ ವಸತಿ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಯಾವ ದೂರು ಎಲ್ಲಿಗೆ ಹೋಗಬೇಕೆಂದು ಬಿಡಿಸಿ ಹೇಳಿದೆ. ಫ್ಲಾಟಿನ ಬಳಕೆ ಬದಲಾಗಿದೆ ಎಂಬ ದೂರಿಗೆ ಪಾಲಿಕೆ, ಉಪದ್ರವಕ್ಕೆ ಪೊಲೀಸ್, ಕಮಿಟಿಯ ಇಲ್ಲವೇ ಸಾಮಾನ್ಯ ಸಭೆಯ ಠರಾವಿನ ತಂಟೆಗೆ ಸಹಕಾರಿ ಕಾಯ್ದೆಯ 91ನೇ ಕಲಮಿನಡಿ ಸಹಕಾರಿ ನ್ಯಾಯಾಲಯ. ನೋಟಿಸಿಗೆ ಮೌಖಿಕ ಉತ್ತರ ಬೇಡ. ಬರೆದು ಕೊಟ್ಟು ಪ್ರತಿಯ ಮೇಲೆ ಸೊಸೈಟಿಯ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಮಕ್ಕಳ ಸಂಖ್ಯೆ, ವಯಸ್ಸು, ವೇಳೆ, ಬಾಯಿಯ ಪೊಲೀಸ್ ವೆರಿಫಿಕೇಶನ್, ಕರೆದೊಯ್ಯಲು ಬರುವವರ ಹೆಸರಿನ ಪಟ್ಟಿ ಗೇಟಿನಲ್ಲಿರುವುದು, ಎಲ್ಲವೂ ಪತ್ರದಲ್ಲಿ ಇರಲಿ. ಮೂರು ತಿಂಗಳು ಪ್ರಾಯೋಗಿಕವಾಗಿ ನಡೆಸಿ ಆಮೇಲೆ ಸಾಮಾನ್ಯ ಸಭೆಯಲ್ಲಿ ಚರ್ಚಿಸೋಣ ಎಂದು ನೀವೇ ಸೂಚಿಸಿ. ಸಂಖ್ಯೆಗೆ ಮಿತಿ ಹಾಕಿಕೊಳ್ಳದ ಪಾಳಣಾಘರಕ್ಕೆ ನೆರೆಯವರು ಒಪ್ಪುವುದು ಕಷ್ಟ. ಇವತ್ತು ಒಂಬತ್ತು ಇದ್ದದ್ದು ಜೂನ್‌ನಲ್ಲಿ ಹದಿನೈದಾದರೆ ಎಂಬುದೇ ಅವರ ಭಯ, ಅದು ನ್ಯಾಯವಾದ ಭಯ.

ಮಿತಿಯನ್ನು ಜಾಗದಿಂದ ಲೆಕ್ಕ ಹಾಕಿ. ಕಚೇರಿಗಳ ಶಿಶುವಿಹಾರಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿ ಮಗುವಿಗೆ 10ರಿಂದ 12 ಚದರ ಅಡಿ ಕೇಳುತ್ತದೆ. ಅದು ನಿಮಗೆ ಕಡ್ಡಾಯವಲ್ಲ, ಆದರೆ ಸಭೆಯಲ್ಲಿ ತೋರಿಸಲು ಒಳ್ಳೆಯ ಅಳತೆ. 10×15 ಅಡಿಯ ಹಾಲ್ ಎಂದರೆ 150 ಚದರ ಅಡಿ. ಸೋಫಾ, ಟಿವಿ ಯೂನಿಟ್, ಓಡಾಡುವ ದಾರಿ ಸೇರಿ 50 ಕಳೆದರೆ ಮಗುವಿಗೆ 12ರಂತೆ ಎಂಟೇ ಮಕ್ಕಳು. ಹಾಲ್ ಇಷ್ಟೇ ಇದ್ದರೆ ನಿಮ್ಮ ಒಂಬತ್ತೇ ಜಾಸ್ತಿ. ಒಂದು ಬೆಡ್‌ರೂಮನ್ನು ಮಲಗುವ ಕೋಣೆ ಮಾಡಿಕೊಳ್ಳಬೇಕು.

ಕರೆಂಟಿನ ಮಾತು ಮರೆಯಬೇಡಿ. ಮನೆಯ ಒಂದು ಭಾಗದಲ್ಲಿ ವ್ಯವಹಾರ ಮಾಡುವವರನ್ನು ವಿದ್ಯುತ್ ಕಂಪನಿ ಮಹಾವಿತರಣದ ದರಪಟ್ಟಿ ವಸತಿ ದರದಲ್ಲೇ ಇಡುತ್ತದೆ, ತಿಂಗಳಿಗೆ 300, ವರ್ಷಕ್ಕೆ 3600 ಯೂನಿಟ್ ದಾಟದಿದ್ದರೆ. ಇಡೀ ದಿನ ಎಸಿ ಹಾಕಿದರೆ ಏಪ್ರಿಲ್, ಮೇ ತಿಂಗಳಲ್ಲೇ 300 ದಾಟುತ್ತದೆ. ತಪ್ಪು ವರ್ಗದಲ್ಲಿ ಬಳಸಿದ್ದೀರಿ ಎಂದು ವಿದ್ಯುತ್ ಕಾಯ್ದೆಯ 126ನೇ ಕಲಮು ಹಚ್ಚಿದರೆ ಅನ್ವಯವಾಗಬೇಕಿದ್ದ ದರದ ಎರಡು ಪಟ್ಟು ಕಟ್ಟಬೇಕು. ಯಾವಾಗಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ತಲೆಯ ಮೇಲೆಯೇ ಪಾಳಣಾಘರ. ಮಕ್ಕಳ ಅಳು ಸಹಿಸಬಹುದು, ದಡಬಡ ಸದ್ದು ಸಹಿಸಲು ಆಗುವುದಿಲ್ಲ. ನನ್ನ ತಾಯಿ ಹಾಸಿಗೆ ಹಿಡಿದಿದ್ದಾರೆ. ಪೊಲೀಸರ ಹತ್ತಿರ ಹೋಗಲೇ?

ಉತ್ತರ: ಮೊದಲು ಮೇಲಿನವರ ನೆಲ ನೋಡಿ. ಅಳು ಗಾಳಿಯಲ್ಲಿ ಬರುತ್ತದೆ, ಕಿಟಕಿ ಮುಚ್ಚಿದರೆ ಇಳಿಯುತ್ತದೆ. ಓಟ, ಕುರ್ಚಿ ಎಳೆಯುವುದು, ಬೀಳುವ ಆಟಿಕೆ ಇವು ಸ್ಲ್ಯಾಬಿಗೇ ಹೊಡೆದು ನೇರ ಕೆಳಗಿಳಿಯುತ್ತವೆ. ನಿಮ್ಮ ಕಡೆಯಿಂದ ಪರದೆ ಹಾಕಿದರೂ, ಫಾಲ್ಸ್ ಸೀಲಿಂಗ್ ಮಾಡಿಸಿದರೂ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಸದ್ದು ಗೋಡೆಗಳಲ್ಲೂ ಇಳಿಯುತ್ತದೆ. ಸದ್ದು ಹುಟ್ಟುವ ಜಾಗದಲ್ಲೇ ತಡೆಯಬೇಕು. ಆಟದ ಜಾಗಕ್ಕೆಲ್ಲ 12 ಮಿಲಿಮೀಟರ್‌ಗೆ ಕಡಿಮೆಯಿಲ್ಲದ, ಒಂದಕ್ಕೊಂದು ಕೂಡುವ ಫೋಮ್ ಮ್ಯಾಟ್, ಕುರ್ಚಿ ಮೇಜುಗಳ ಕಾಲಿಗೆ ಫೆಲ್ಟ್ ಅಥವಾ ರಬ್ಬರ್ ಬೂಚು. ತೆಳು ಸತರಂಜಿ (ಜಮಖಾನ) ಸಾಲುವುದಿಲ್ಲ, ಜಾರುವ ಅಪಾಯ ಬೇರೆ. ತಾಯಿ ಮಲಗುವ ಕೋಣೆಯ ಮೇಲೆ ಆಟ ಬೇಡ, ಮಲಗಿಸುವ ಕೋಣೆ ಅಲ್ಲಿರಲಿ ಎಂದು ಕೇಳಿ. ಈ ಒಂದು ಬದಲಾವಣೆ ಮ್ಯಾಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ.

ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್, ನಿಜ. ಆದರೆ ಮೊಬೈಲ್ ಆಪಿನ ಅಂಕಿ ಹಿಡಿದು ಠಾಣೆಗೆ ಹೋದರೆ ದಡಬಡ ನಿಲ್ಲುವುದಿಲ್ಲ, ಮೇಲಿನವರ ಜೊತೆ ಮಾತು ಮಾತ್ರ ನಿಲ್ಲುತ್ತದೆ. ಅವರು ಕೇಳದೆ ಹೋದರೆ ಎರಡು ವಾರದ ದಿನಾಂಕ, ವೇಳೆ ಬರೆದಿಟ್ಟು ಕಮಿಟಿಗೆ ದೂರು ಕೊಡಿ. ಕಮಿಟಿ ಮುಂದಿನ ಸಭೆಯಲ್ಲಿ ನಿರ್ಧರಿಸಿ, ನಂತರ 15 ದಿನದೊಳಗೆ ನಿಮಗೆ ತಿಳಿಸಬೇಕೆಂದು ಬೈಲಾ ಹೇಳುತ್ತದೆ.

ಪ್ರಶ್ನೆ: ನಾನು ಘಾಟ್‌ಕೋಪರ್‌ನ ಸೊಸೈಟಿಯೊಂದರ ಕಾರ್ಯದರ್ಶಿ. ಪಾಳಣಾಘರ ನಡೆಸುವ ಸದಸ್ಯೆಯಿಂದ ನಾನ್-ಆಕ್ಯುಪೆನ್ಸಿ ಚಾರ್ಜ್ (ಮಾಲೀಕರು ತಾವು ವಾಸಿಸದ ಫ್ಲಾಟಿಗೆ ಸೊಸೈಟಿ ಹಾಕುವ ಶುಲ್ಕ) ವಸೂಲಿ ಮಾಡಬಹುದೇ? ಡ್ರೇನೇಜ್ ಪದೇ ಪದೇ ಚೋಕ್ ಆಗುತ್ತಿದೆ.

ಉತ್ತರ: ಅವರು ಅಲ್ಲೇ ವಾಸವಿದ್ದು ತಾವೇ ನಡೆಸಿದರೆ ಬರುವುದಿಲ್ಲ. ಫ್ಲಾಟನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಅವರು ನಡೆಸಿದರೆ ಬರುತ್ತದೆ, ಅದೂ ಸರ್ವಿಸ್ ಚಾರ್ಜಿನ ಶೇಕಡಾ 10ರೊಳಗೆ. ನೀರಿನ ಬಿಲ್ಲಿಗೆ ಮಕ್ಕಳ ತಲೆ ಎಣಿಸಬೇಡಿ; ಬೈಲಾ ಹೇಳುವುದು ಫ್ಲಾಟಿನ ನೀರಿನ ಇನ್‌ಲೆಟ್‌ಗಳ ಸಂಖ್ಯೆ ಮತ್ತು ಅಳತೆಯ ಲೆಕ್ಕ.

ಚೋಕ್‌ಗೆ ಮೊದಲು ಅನುಮಾನಿಸಬೇಕಾದದ್ದು ವೆಟ್ ವೈಪ್ಸ್. ಡೈಪರ್ ಉಬ್ಬಿ ಕಮೋಡಿನಲ್ಲೇ ಸಿಕ್ಕಿಕೊಂಡು ಬೇಗ ಗೊತ್ತಾಗುತ್ತದೆ. ವೈಪ್ಸ್ ಹಾಗಲ್ಲ, ನೀರಿನಲ್ಲಿ ಕರಗದೆ ನಾಲ್ಕು ಇಂಚಿನ ಪೈಪಿನಲ್ಲಿ ಇಳಿದು, ಕೆಳಗಿನ ತಿರುವಿನಲ್ಲಿ ಹೆಣೆದುಕೊಂಡು ನಿಲ್ಲುತ್ತದೆ. ಉಕ್ಕುವುದು ಗ್ರೌಂಡ್ ಫ್ಲೋರಿನವರ ಮನೆಯಲ್ಲಿ. ಆದ್ದರಿಂದ ಪ್ಲಂಬರ್ ತೆಗೆದದ್ದನ್ನು ಚೇಂಬರಿನ ಪಕ್ಕದಲ್ಲೇ ಫೋಟೊ ತೆಗೆದಿಡಿ. ವೈಪ್ಸ್ ಬಳಸುವ ಬೇರೆ ಮನೆಗಳೂ ಅದೇ ಲೈನಿನಲ್ಲಿ ಇರಬಹುದು, ಸಾಕ್ಷಿಯಿಲ್ಲದೆ ಆ ಸದಸ್ಯೆಗೆ ಬಿಲ್ ಕಳಿಸಬೇಡಿ. ಪಾಳಣಾಘರದ ಬಾತ್‌ರೂಮಿನಲ್ಲಿ ಮುಚ್ಚಳವಿರುವ ಡಬ್ಬಿ ಇಡಿಸಿ. ಡೈಪರ್, ವೈಪ್ಸ್ ಎರಡನ್ನೂ ಕಾಗದದಲ್ಲಿ ಸುತ್ತಿ, ಹಸಿ ಕಸದಿಂದ ಬೇರೆಯಾಗಿ, ದಿನಾ ಸಂಜೆ ಕೆಳಗಿಳಿಸಲಿ.